ಮನೆ ಕಟ್ಟುವವರು ನೆರೆಯ ಲೆಕ್ಕವನ್ನೂ ಇಡಬೇಕು

ಕರಾವಳಿಯ ಮಳೆಗಾಲದ ವಿಪತ್ತಿಗೆ ಒಂದು ನಿಶ್ಚಿತ ಕ್ರಮವಿದೆ. ಹೊಳೆ ಉಕ್ಕುತ್ತದೆ, ಅಂಗಳಕ್ಕೆ ದೋಣಿ ಬರುತ್ತದೆ. ಊರಿನ ಯುವಕರು ಸೊಂಟಮಟ್ಟದ ನೀರಿಗಿಳಿದು ವೃದ್ಧರನ್ನೂ ಮಕ್ಕಳನ್ನೂ ದಡ ಸೇರಿಸುತ್ತಾರೆ. ಅಧಿಕಾರಿಗಳು, ಜನಪ್ರತಿನಿಧಿಗಳು ಬಂದು ನೋಡಿ ಹೋಗುತ್ತಾರೆ. ಅಕ್ಕಿ, ಬೇಳೆ, ಚಾದರಗಳ ವಿತರಣೆ ನಡೆಯುತ್ತದೆ. ನೀರಿಳಿದ ಮೇಲೆ ಗೋಡೆಯ ಕೆಸರು ತೊಳೆದು, ಬಿಸಿಲು ಬಂದಾಗ ಸುಣ್ಣ ಬಳಿದು ಎಲ್ಲವನ್ನೂ ಮರೆಯಲಾಗುತ್ತದೆ. ಅಲ್ಲಾಹನ ವಿಧಿ ಎಂಬ ಮಾತಿನೊಂದಿಗೆ ಚರ್ಚೆ ಮುಗಿಯುತ್ತದೆ. ವಿಧಿಯ ಮೇಲಿನ ವಿಶ್ವಾಸವು ನಮ್ಮ ಈಮಾನಿನ ಅಂಗ. ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಮಾತನ್ನು ನಾವು ವಿಶ್ವಾಸದಿಂದ ಆಡುತ್ತಿದ್ದೇವೆಯೇ ಅಥವಾ ಆಲಸ್ಯದಿಂದಲೇ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕಾಗಿದೆ.

ಬೈಂದೂರು, ಯಡ್ತರೆ, ಶಿರೂರು, ನಾಗೂರು, ಗಂಗೊಳ್ಳಿಗಳ ಎಷ್ಟೋ ಮುಸ್ಲಿಮ್ ಕುಟುಂಬಗಳ ಪಾಲಿಗೆ ಮನೆಯೆಂದರೆ ಒಂದಿಡೀ ಜೀವಮಾನದ ದುಡಿಮೆ. ಮನೆಯ ಯಜಮಾನ ಕೊಲ್ಲಿ ರಾಷ್ಟ್ರಗಳ ಬಿಸಿಲಿನಲ್ಲಿ ಹದಿನೈದು-ಇಪ್ಪತ್ತು ವರ್ಷ ಬೆವರು ಸುರಿಸಿ, ಮಕ್ಕಳ ಬಾಲ್ಯವನ್ನು ಫೋನಿನಲ್ಲೇ ಕೇಳಿ, ಕೊನೆಗೆ ಊರಿನಲ್ಲಿ ಕಟ್ಟುವುದು ಒಂದು ಮನೆ. ಅದರ ಟೈಲ್ಸ್ ಎಲ್ಲಿಂದ ತರಬೇಕು, ಗೇಟು ಹೇಗಿರಬೇಕು ಎಂಬುದನ್ನು ಹತ್ತು ಮಂದಿಯಲ್ಲಿ ವಿಚಾರಿಸಲಾಗುತ್ತದೆ. ಆದರೆ ಎರಡು ಪ್ರಶ್ನೆಗಳನ್ನು ಕೇಳುವವರು ವಿರಳ. ಈ ಜಾಗದಲ್ಲಿ ನೀರು ಎಲ್ಲಿಯವರೆಗೆ ಏರಿದ್ದುಂಟು? ಹಾಗೆ ಏರಿದರೆ ಆಗುವ ನಷ್ಟವನ್ನು ಹೊರುವವರು ಯಾರು? ಈ ಎರಡು ಪ್ರಶ್ನೆಗಳಿಗೆ ಉತ್ತರವಿಲ್ಲದೆ ಕಟ್ಟಿದ ಮನೆ ಎಷ್ಟೇ ಭವ್ಯವಾಗಿದ್ದರೂ ಅರ್ಧ ಕಟ್ಟಿದ ಮನೆಯೇ.

ಯಡ್ತರೆಯ ಭೂಗೋಳವನ್ನು ಗಮನಿಸಿದರೆ ಮೊದಲ ಪ್ರಶ್ನೆಯ ಗಾಂಭೀರ್ಯ ಅರ್ಥವಾಗುತ್ತದೆ. ಬೈಂದೂರು ಪೇಟೆಗೆ ತಾಗಿಕೊಂಡು ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದಲ್ಲಿರುವ ಈ ಊರಿನ ಪೂರ್ವಕ್ಕೆ ಪಶ್ಚಿಮಘಟ್ಟ, ಪಶ್ಚಿಮಕ್ಕೆ ಅರಬೀ ಸಮುದ್ರ. ನಡುವಿನ ಅಂತರ ಬಹಳ ಕಡಿಮೆ. ವರ್ಷಕ್ಕೆ 4,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಿಲ್ಲೆಯಿದು. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಘಟ್ಟದ ಬುಡದಲ್ಲಿ ಬಿದ್ದ ನೀರು ಕೆಲವೇ ಗಂಟೆಗಳಲ್ಲಿ ಬಯಲಿಗಿಳಿಯುತ್ತದೆ. ಬೈಂದೂರಿನ ಸುಮನಾವತಿ ಹೊಳೆ ಸೋಮೇಶ್ವರದ ಬಳಿ ಕಡಲು ಸೇರುತ್ತದೆ. ಮಳೆಯ ನೀರು ಅಳಿವೆಗೆ ಬರುವ ಹೊತ್ತಿಗೆ ಕಡಲಿನಲ್ಲಿ ಉಬ್ಬರವಿದ್ದರೆ ಹೊಳೆಗೆ ದಾರಿಯಿಲ್ಲ. ಅದು ಹಿಂದಕ್ಕೆ ತಿರುಗಿ ತೋಡುಗಳಲ್ಲಿ, ಗದ್ದೆಗಳಲ್ಲಿ, ಕೊನೆಗೆ ಅಂಗಳಗಳಲ್ಲಿ ಏರುತ್ತದೆ. ದಿನಕ್ಕೆ ಎರಡು ಬಾರಿ ಉಬ್ಬರ ಬರುವ ಕರಾವಳಿಯಲ್ಲಿ ಮಳೆಯ ಪ್ರಮಾಣವೊಂದನ್ನೇ ನೋಡಿ ಅಪಾಯವನ್ನು ಅಳೆಯುವಂತಿಲ್ಲ.

ಇತ್ತೀಚಿನ ವರ್ಷಗಳ ಅನುಭವವೂ ಇದನ್ನೇ ಹೇಳುತ್ತದೆ. ಸೌಪರ್ಣಿಕಾ ಉಕ್ಕಿದಾಗಲೆಲ್ಲ ನಾವುಂದದ ಸಾಲ್ಬುಡ, ಬಡಾಕೆರೆ, ಮರವಂತೆ, ಪಡುಕೋಣೆಯ ಪರಿಸರಗಳು ಜಲಾವೃತವಾಗುವುದನ್ನು ನಾವು ಮತ್ತೆ ಮತ್ತೆ ಕಂಡಿದ್ದೇವೆ. 2020ರ ಸೆಪ್ಟೆಂಬರ್ 20ರಂದು ಸ್ವರ್ಣೆ ಮತ್ತು ಸೀತಾ ನದಿಗಳು ಉಕ್ಕಿ ಉಡುಪಿ, ಬ್ರಹ್ಮಾವರದ ಕಡೆಯ ಅನೇಕ ಮನೆಗಳಿಗೆ ನೀರು ನುಗ್ಗಿತು. ಮಳೆಗಾಲ ಮುಗಿಯಿತೆಂದು ಜನರು ನಿರಾಳರಾಗಿದ್ದ ಸಮಯವದು. 2022ರ ಆಗಸ್ಟ್ ಆರಂಭದಲ್ಲಿ ನೆರೆಯ ಭಟ್ಕಳದಲ್ಲಿ ಒಂದೇ ರಾತ್ರಿಯ ಮಳೆಗೆ ಪೇಟೆಯ ಅಂಗಡಿಗಳು ಮುಳುಗಿದವು. ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಪ್ರಾಣ ಕಳೆದುಕೊಂಡರು. ಅದೇ ಮಳೆಗೆ ನಮ್ಮ ತಾಲೂಕಿನ ಶಿರೂರಿನಲ್ಲಿ ಮೀನುಗಾರರ ದೋಣಿಗಳು ಕೊಚ್ಚಿಹೋದವು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಇನ್ನೊಂದು ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದಾಗ ಗಂಗಾವಳಿಯ ಎದುರು ದಡದ ಉಳುವರೆಯ ಮನೆಗಳೂ ಹಾನಿಗೊಂಡವು. ಹೊಳೆಯಿಂದ ದೂರವಿದ್ದೇವೆ, ಗುಡ್ಡದಿಂದ ದೂರವಿದ್ದೇವೆ ಎಂಬ ಧೈರ್ಯಕ್ಕೆ ಇನ್ನು ಹೆಚ್ಚಿನ ಆಧಾರ ಉಳಿದಿಲ್ಲ.

ನಮ್ಮ ಹಿರಿಯರಿಗೆ ಈ ಲೆಕ್ಕ ತಿಳಿದಿತ್ತು. ಹಳೆಯ ದಕ್ಷಿಣ ಕನ್ನಡದಲ್ಲಿ ಭೂಮಿಯನ್ನು ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸುತ್ತಿದ್ದರು. ತಗ್ಗಿನಲ್ಲಿ ಸದಾ ನೀರಿನ ಆಸರೆಯಿರುವುದು ಬೈಲು, ನಡುಮಟ್ಟದ್ದು ಮಜಲು, ಮಳೆಯ ನೀರನ್ನಷ್ಟೇ ನಂಬಿರುವ ಎತ್ತರದ ನೆಲ ಬೆಟ್ಟು. ಬೈಲಿನಲ್ಲಿ ಭತ್ತ ಬೆಳೆಯುತ್ತಿದ್ದರು, ಮನೆಯನ್ನು ಎತ್ತರದಲ್ಲಿ ಕಟ್ಟುತ್ತಿದ್ದರು. ಇಂದು ಈ ಕ್ರಮ ತಲೆಕೆಳಗಾಗಿದೆ. ಹೆದ್ದಾರಿಗೆ ಹತ್ತಿರವೆಂದು ಬೈಲುಗದ್ದೆಗೆ ಕೆಂಪುಮಣ್ಣು ತುಂಬಿಸಿ ಸೈಟು ಮಾಡಲಾಗುತ್ತದೆ. ಭೂಪರಿವರ್ತನೆಯ ಕಾಗದವಿದೆ, ಪಂಚಾಯತಿನ ಪರವಾನಗಿ ಸಿಗುತ್ತದೆ ಎಂಬುದೇ ಸುರಕ್ಷೆಯ ಪ್ರಮಾಣಪತ್ರವಾಗಿಬಿಟ್ಟಿದೆ. ಆದರೆ ನೆಲದ ಮಟ್ಟಕ್ಕೆ ಭೂಪರಿವರ್ತನೆಯ ಆದೇಶ ಗೊತ್ತಿಲ್ಲ. ಕಾಗದದಲ್ಲಿ ನಿವೇಶನವಾದ ಬೈಲು ಮಳೆಗಾಲದಲ್ಲಿ ಬೈಲೇ ಆಗಿರುತ್ತದೆ.

ಇದರಲ್ಲಿ ಇನ್ನೊಂದು ಗಂಭೀರ ವಿಷಯವಿದೆ. ನಾವು ಮಣ್ಣು ತುಂಬಿಸಿ ನಮ್ಮ ಅಂಗಳವನ್ನು ಮೂರಡಿ ಎತ್ತರಿಸಿದಾಗ ಅಲ್ಲಿ ನಿಲ್ಲುತ್ತಿದ್ದ ನೀರು ಮಾಯವಾಗುವುದಿಲ್ಲ, ನೆರೆಮನೆಗೆ ಹೋಗುತ್ತದೆ. ಆವರಣ ಗೋಡೆ ಕಟ್ಟಿ ತೋಡನ್ನು ಒಂದು ಸಣ್ಣ ಪೈಪಿಗೆ ಇಳಿಸಿದಾಗ ಮೇಲಿನ ಹತ್ತು ಮನೆಗಳು ಮುಳುಗುತ್ತವೆ. ನೆರೆಯವನು ತನ್ನ ಉಪಟಳದಿಂದ ಸುರಕ್ಷಿತನಾಗಿರದ ವ್ಯಕ್ತಿಯ ಈಮಾನನ್ನೇ ಪ್ರವಾದಿ(ಸ)ರು ಪ್ರಶ್ನಿಸಿದ್ದಾರೆ. ಯಾರಿಗೂ ಹಾನಿ ಮಾಡಬಾರದೆಂಬುದು ಇಸ್ಲಾಮೀ ಕರ್ಮಶಾಸ್ತ್ರದ ಬುನಾದಿ ನಿಯಮಗಳಲ್ಲೊಂದು. ತೋಡಿನ ಒತ್ತುವರಿಯನ್ನು ನಾವು ಕಂದಾಯ ಇಲಾಖೆಯ ತಗಾದೆಯೆಂದು ಮಾತ್ರ ತಿಳಿದಿದ್ದೇವೆ. ಅದು ನೆರೆಯವರ ಹಕ್ಕಿನ ಪ್ರಶ್ನೆ ಎಂದು ಖುತ್ಬಾಗಳಲ್ಲಿ ಕೇಳಿಬರುವುದು ಅಪರೂಪ.

ಆದುದರಿಂದ ಜಾಗ ಕೊಳ್ಳುವ ಮೊದಲು ಕೆಲವು ಸರಳ ಕೆಲಸಗಳನ್ನು ಮಾಡಬೇಕು. ಪಹಣಿಯ ಜೊತೆಗೆ ಸರ್ವೆ ನಕ್ಷೆಯನ್ನೂ ತೆಗೆಸಿ ತೋಡು, ಹೊಳೆ, ಖರಾಬು ಎಲ್ಲಿದೆಯೆಂದು ನೋಡಬೇಕು. ಸುತ್ತಲಿನ ಹಳೆಯ ಮನೆಗಳವರಲ್ಲಿ ಅತಿ ದೊಡ್ಡ ನೆರೆ ಯಾವ ವರ್ಷ ಬಂತು, ನೀರು ಯಾವ ಮೆಟ್ಟಿಲಿನವರೆಗೆ ಏರಿತು, ಎಷ್ಟು ಹೊತ್ತು ನಿಂತಿತು ಎಂದು ವಿಚಾರಿಸಬೇಕು. ಗದ್ದೆ ಉಳುವ ವೃದ್ಧರೊಬ್ಬರಿಗೆ ತಿಳಿದಿರುವುದು ಸೈಟು ಮಾರುವವರಿಗೆ ತಿಳಿದಿರುವುದಿಲ್ಲ, ತಿಳಿದಿದ್ದರೂ ಅವರು ಹೇಳುವುದಿಲ್ಲ. ಜಾಗವನ್ನು ಬೇಸಿಗೆಯಲ್ಲಿ ನೋಡಿದವರು ಜುಲೈಯಲ್ಲಿ ಮತ್ತೊಮ್ಮೆ ನೋಡಬೇಕು. ಈಗಾಗಲೇ ಕಟ್ಟಿದವರು ವಿದ್ಯುತ್ ಮೀಟರು, ಸ್ವಿಚ್ ಬೋರ್ಡುಗಳನ್ನು ಆ ಗುರುತಿಗಿಂತ ಮೇಲಕ್ಕೆ ಏರಿಸಬಹುದು. ಮನೆಯ ದಾಖಲೆಪತ್ರಗಳನ್ನು ಎತ್ತರದಲ್ಲಿ ಇಡಬಹುದು.

ನೆರೆಯೆಂದರೆ ಎಂದೋ ಒಮ್ಮೆ ಬರುವಂಥದ್ದು ಎಂಬ ಸಮಾಧಾನವನ್ನೂ ಪರಿಶೀಲಿಸಬೇಕು. ನೂರು ವರ್ಷಕ್ಕೊಮ್ಮೆ ಬರುವ ನೆರೆ ಎಂಬ ಮಾತನ್ನು ತಜ್ಞರು ಬಳಸುತ್ತಾರೆ. ಇದರ ಅರ್ಥ ಒಮ್ಮೆ ಬಂದರೆ ಇನ್ನು ನೂರು ವರ್ಷ ಬಾರದು ಎಂದಲ್ಲ. ಪ್ರತಿವರ್ಷವೂ ಅದು ಬರುವ ಸಾಧ್ಯತೆ ಶೇಕಡಾ ಒಂದರಷ್ಟಿದೆ ಎಂದಷ್ಟೇ. ಹಾಗೆ ಲೆಕ್ಕ ಹಾಕಿದರೆ ಮೂವತ್ತು ವರ್ಷಗಳ ಅವಧಿಯಲ್ಲಿ ಅಂಥ ನೆರೆ ಒಮ್ಮೆಯಾದರೂ ಬರುವ ಸಾಧ್ಯತೆ ಶೇಕಡಾ 26. ಅಂದರೆ ಸುಮಾರು ನಾಲ್ಕರಲ್ಲಿ ಒಂದು ಪಾಲು. ಮಕ್ಕಳು, ಮೊಮ್ಮಕ್ಕಳು ಬಾಳಲೆಂದು ಕಟ್ಟುವ ಮನೆಗೆ ಇದು ಸಣ್ಣ ಸಂಖ್ಯೆಯಲ್ಲ. ನೇತ್ರಾವತಿಯ ದಡದ ಬಂಟ್ವಾಳ, ಪಾಣೆಮಂಗಳೂರಿನ ಜನ 1923ರ ಮಹಾನೆರೆಯನ್ನು ಕಂಡವರು. ಅದರ ನಂತರ 1974ರಲ್ಲಿ ಮತ್ತೆ ಕಂಡರು. ನಡುವೆ ಕಳೆದದ್ದು ಐವತ್ತೊಂದೇ ವರ್ಷ.

ಇನ್ನು ಎರಡನೆಯ ಪ್ರಶ್ನೆ, ನಷ್ಟವನ್ನು ಹೊರುವವರು ಯಾರು? ಸರಕಾರವಿದೆಯಲ್ಲ ಎಂಬುದು ಹೆಚ್ಚಿನವರ ಉತ್ತರ. 2022-23ರಿಂದ 2025-26ರ ಅವಧಿಗೆ ಕೇಂದ್ರ ಸರಕಾರ ಗೊತ್ತುಪಡಿಸಿದ ವಿಪತ್ತು ಪರಿಹಾರದ ಮಾನದಂಡಗಳನ್ನೇ ನೋಡೋಣ. ಬಯಲು ಪ್ರದೇಶದಲ್ಲಿ ಪೂರ್ಣ ನಾಶವಾದ ಮನೆಗೆ 1,20,000 ರೂ. ಕನಿಷ್ಠ ಶೇಕಡಾ 15ರಷ್ಟು ಹಾನಿಯಾದ ಪಕ್ಕಾ ಮನೆಗೆ 6,500 ರೂ., ಕಚ್ಚಾ ಮನೆಗೆ 4,000 ರೂ. ಬಟ್ಟೆಬರೆಗೆ 2,500, ಪಾತ್ರೆಪಗಡಿಗೆ 2,500. ಮನೆಯೊಳಗೆ ಎರಡು ದಿನ ನೀರು ನಿಂತು ಫ್ರಿಜ್, ಮಂಚ, ಬಾಗಿಲು, ಬೀರು ಎಲ್ಲ ಹಾಳಾದರೂ ಗೋಡೆ ನಿಂತಿದ್ದರೆ ದೊರೆಯುವುದು ಇಷ್ಟೇ. ರಾಜ್ಯ ಸರಕಾರಗಳು ಆಗಾಗ ಇದಕ್ಕೆ ತಮ್ಮ ಪಾಲನ್ನು ಸೇರಿಸಿದ್ದುಂಟು. 2019ರ ನೆರೆಯ ನಂತರ ಪೂರ್ಣ ಕುಸಿದ ಮನೆಗೆ ಐದು ಲಕ್ಷ ರೂಪಾಯಿ ಘೋಷಿಸಲಾಯಿತು. ಆದರೆ ಅದು ಆ ವರ್ಷದ, ಆ ಸರಕಾರದ ತೀರ್ಮಾನ. ಘೋಷಣೆಯು ಹಕ್ಕಾಗುವುದಿಲ್ಲ. ಪರಿಹಾರವೆಂದರೆ ಹಸಿವು ನೀಗಿಸುವ ತುತ್ತೇ ಹೊರತು ಹೋದ ಮನೆಯ ಬೆಲೆಯಲ್ಲ.

ಈ ಅಂತರವನ್ನು ತುಂಬುವುದಕ್ಕಾಗಿ ಇರುವುದು ವಿಮೆ. ಅಮೆರಿಕದಲ್ಲಿ ಸಾಮಾನ್ಯ ಗೃಹವಿಮೆಯಲ್ಲಿ ನೆರೆ ಸೇರುವುದಿಲ್ಲ. ಅದಕ್ಕಾಗಿ ಅಲ್ಲಿನ ಸರಕಾರ 1968ರಲ್ಲಿ ಪ್ರತ್ಯೇಕ ಯೋಜನೆಯನ್ನೇ ತರಬೇಕಾಯಿತು. ನಮ್ಮ ದೇಶದಲ್ಲಿ ಈ ವಿಷಯದಲ್ಲಿ ಸ್ಥಿತಿ ಉತ್ತಮವಾಗಿದೆ. ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶದಂತೆ 2021ರ ಏಪ್ರಿಲ್ 1ರಿಂದ ಭಾರತ್ ಗೃಹ ರಕ್ಷಾ ಎಂಬ ಏಕರೂಪದ ಪಾಲಿಸಿ ಬಂದಿದೆ. ನೆರೆ, ಚಂಡಮಾರುತ, ಗುಡ್ಡಕುಸಿತ, ಸಿಡಿಲು, ಬೆಂಕಿ, ಭೂಕಂಪಗಳ ಜೊತೆಗೆ ಗಲಭೆಯ ಹಾನಿಯೂ ಅದರಲ್ಲಿ ಅಡಕವಾಗಿದೆ. ಮನೆಯ ಮೊತ್ತವನ್ನು ಜಾಗದ ಬೆಲೆಯಿಂದ ಲೆಕ್ಕ ಹಾಕುವುದಿಲ್ಲ, ಅದೇ ಮನೆಯನ್ನು ಪುನಃ ಕಟ್ಟಲು ತಗಲುವ ವೆಚ್ಚದಿಂದ ಲೆಕ್ಕ ಹಾಕುತ್ತಾರೆ. ಮನೆಯ ಸಾಮಾನುಗಳಿಗೆ ಪಟ್ಟಿ ಕೊಡದಿದ್ದರೂ ಕಟ್ಟಡದ ಮೊತ್ತದ ಶೇಕಡಾ 20ರಷ್ಟು, ಗರಿಷ್ಠ ಹತ್ತು ಲಕ್ಷ ರೂಪಾಯಿಯ ರಕ್ಷಣೆ ತಾನಾಗಿ ದೊರೆಯುತ್ತದೆ. ಇದರ ಕಂತು ಸಾಮಾನ್ಯವಾಗಿ ಒಂದು ಲಕ್ಷದ ಮೊತ್ತಕ್ಕೆ ವರ್ಷಕ್ಕೆ ನೂರು ರೂಪಾಯಿಯೊಳಗೇ ಇರುತ್ತದೆ.

ಆದರೆ ಪಾಲಿಸಿಯನ್ನು ಓದದೆ ಸಹಿ ಮಾಡುವವರು ಮೋಸಹೋಗುತ್ತಾರೆ. ಅದರಲ್ಲಿ ಏನು ಸೇರುವುದಿಲ್ಲ ಎಂಬುದು ನಮ್ಮ ಊರಿಗೆ ಬಹಳ ಮುಖ್ಯ. ನೆಲ ಕುಸಿತದ ರಕ್ಷಣೆಯಲ್ಲಿ ಕಡಲ್ಕೊರೆತ ಮತ್ತು ಹೊಳೆಯ ಕೊರೆತಗಳು ಸೇರಿಲ್ಲ. ಮಣ್ಣು ತುಂಬಿಸಿದ ನೆಲ ಜಗ್ಗಿ ಗೋಡೆ ಬಿರಿದರೆ ಅದೂ ಸೇರಿಲ್ಲ. ಕಳಪೆ ಕಾಮಗಾರಿಯಿಂದಾದ ಕುಸಿತವೂ ಇಲ್ಲ. ಅಂದರೆ ಕಡಲ ತಡಿಯಲ್ಲಿ ಅಥವಾ ತುಂಬಿಸಿದ ಬೈಲಿನಲ್ಲಿ ಕಟ್ಟಿದವರ ಮುಖ್ಯ ಅಪಾಯವೇ ಹೊರಗುಳಿಯಬಹುದು. ಪ್ರತ್ಯೇಕವಾಗಿ ಸೇರಿಸದಿದ್ದರೆ ಆಭರಣಗಳಿಗೂ ರಕ್ಷಣೆಯಿಲ್ಲ. ಬ್ಯಾಂಕಿನ ಸಾಲದ ಜೊತೆಗೆ ಬಂದ ವಿಮೆ ಸಾಲದ ಮೊತ್ತಕ್ಕೆ ಮಾತ್ರವೇ ಅಥವಾ ಇಡೀ ಮನೆಗೇ ಎಂದು ಕೇಳಿ ತಿಳಿಯಬೇಕು. ಸಾಲ ತೀರಿದ ಮೇಲೆ ಅದು ಮುಂದುವರಿಯುವುದೇ ಎಂದೂ ವಿಚಾರಿಸಬೇಕು. ಮನೆಗೆ ತಿಂಗಳುಗಟ್ಟಲೆ ಬೀಗ ಹಾಕಿ ವಿದೇಶದಲ್ಲಿರುವವರು ಅದರ ನಿಯಮವನ್ನು ಬರಹದಲ್ಲೇ ಪಡೆಯಬೇಕು. ನೀರು ನುಗ್ಗಿದರೆ ಗುಡಿಸಿ ತೊಳೆಯುವ ಮೊದಲೇ ಗೋಡೆಯ ನೀರಿನ ಗುರುತು ಮತ್ತು ಹಾಳಾದ ಪ್ರತಿಯೊಂದು ವಸ್ತುವಿನ ಚಿತ್ರ ತೆಗೆದು, ಕಂಪೆನಿಗೆ ಕೂಡಲೇ ತಿಳಿಸಿ, ಸರ್ವೇಯರ್ ಬರುವವರೆಗೆ ವಸ್ತುಗಳನ್ನು ಎಸೆಯದಿರಬೇಕು. ಕಂಪೆನಿ ಅನ್ಯಾಯವಾಗಿ ನಿರಾಕರಿಸಿದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಯಾವುದೇ ಶುಲ್ಕವಿಲ್ಲದೆ ದೂರು ನೀಡಬಹುದು. ವಾಹನಗಳದ್ದೂ ಇದೇ ಕಥೆ. 2024ರ ಏಪ್ರಿಲ್ 16ರಂದು ದುಬೈಯ ರಸ್ತೆಗಳು ಹೊಳೆಗಳಾದಾಗ ಸಮಗ್ರ ವಿಮೆಯಿಲ್ಲದೆ ಥರ್ಡ್ ಪಾರ್ಟಿ ವಿಮೆ ಮಾತ್ರ ಮಾಡಿಸಿದ್ದವರ ಕಾರುಗಳ ನಷ್ಟ ಅವರ ತಲೆಗೇ ಬಂತು. ನಮ್ಮಲ್ಲೂ ನಿಯಮ ಅದೇ.

ಇಲ್ಲಿ ಓದುಗರ ಮನಸ್ಸಿನಲ್ಲಿ ಏಳುವ ಪ್ರಶ್ನೆಯನ್ನು ಬದಿಗೆ ಸರಿಸಿ ಮುಂದೆ ಹೋಗುವುದು ಪ್ರಾಮಾಣಿಕತೆಯಲ್ಲ. ವಿಮೆ ಧರ್ಮಸಮ್ಮತವೇ? ಬಡ್ಡಿ, ಅನಿಶ್ಚಿತತೆ ಮತ್ತು ಜೂಜಿನ ಅಂಶಗಳಿರುವುದರಿಂದ ವಿದ್ವಾಂಸರು ವಾಣಿಜ್ಯ ವಿಮೆಯನ್ನು ಆಕ್ಷೇಪಿಸಿದ್ದಾರೆ. ಜಿದ್ದಾದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿ 1985ರಲ್ಲಿ ಅದನ್ನು ನಿಷಿದ್ಧವೆಂದು ಸಾರಿ, ಪರಸ್ಪರ ಸಹಕಾರದ ಮೇಲೆ ನಿಂತ ವಿಮೆಯನ್ನು ಸಮ್ಮತಿಸಿತು. ಭಾರತದ ಇಸ್ಲಾಮೀ ಫಿಕ್ಹ್ ಅಕಾಡೆಮಿಯು 1990ರ ದಶಕದ ಆರಂಭದಲ್ಲಿ, ಗಲಭೆಗಳಲ್ಲಿ ಮುಸ್ಲಿಮರ ಜೀವ ಮತ್ತು ಸೊತ್ತುಗಳು ನಾಶವಾಗುತ್ತಿದ್ದ ಪರಿಸ್ಥಿತಿಯನ್ನು ಮುಂದಿಟ್ಟುಕೊಂಡು, ಅನಿವಾರ್ಯತೆಯ ನೆಲೆಯಲ್ಲಿ ಅವಕಾಶ ನೀಡಿತು. ಮಲೇಷ್ಯಾದಲ್ಲಿ 1984ರಲ್ಲೇ ತಕಾಫುಲ್ ಕಾಯಿದೆ ಬಂತು. ನಮ್ಮ ದೇಶದಲ್ಲಿ ಅಂಥ ಕಾಯಿದೆಯಿಲ್ಲ. ನೆರೆಯ ಅಪಾಯವು ಈ ಅನಿವಾರ್ಯತೆಯ ವ್ಯಾಪ್ತಿಗೆ ಬರುವುದೇ ಎಂಬುದರ ಬಗ್ಗೆ ಫತ್ವಾ ನೀಡುವುದು ಸಂಪಾದಕೀಯದ ಕೆಲಸವಲ್ಲ. ಪ್ರತಿಯೊಬ್ಬರೂ ತಾವು ವಿಶ್ವಾಸವಿಡುವ ವಿದ್ವಾಂಸರನ್ನು ಕೇಳಲಿ. ಅವಕಾಶವಿದೆಯೆಂದು ಮನವರಿಕೆಯಾದವರು ಪಾಲಿಸಿಯನ್ನು ಓದಿ ಮಾಡಿಸಲಿ.

ಆದರೆ ನಾವು ಒತ್ತಿ ಹೇಳಬಯಸುವುದು ಬೇರೆ. ನಿಷಿದ್ಧವೆಂದು ಹೇಳಿದಲ್ಲಿಗೆ ಸಮುದಾಯದ ಹೊಣೆ ಮುಗಿಯುವುದಿಲ್ಲ, ಅಲ್ಲಿಂದಲೇ ಆರಂಭವಾಗುತ್ತದೆ. ಒಂದು ಬಾಗಿಲನ್ನು ಮುಚ್ಚಿದವರು ಇನ್ನೊಂದನ್ನು ತೆರೆದಿಡಬೇಕು. ಅಶ್‌ಅರೀ ಗೋತ್ರದವರು ಆಹಾರದ ಕೊರತೆಯಾದಾಗ ತಮ್ಮಲ್ಲಿದ್ದುದೆಲ್ಲವನ್ನೂ ಒಂದೇ ಬಟ್ಟೆಯಲ್ಲಿ ಕೂಡಿಹಾಕಿ ಸಮನಾಗಿ ಹಂಚಿಕೊಳ್ಳುತ್ತಿದ್ದರು. ಪ್ರವಾದಿ(ಸ)ರು ಅವರನ್ನು ತಮ್ಮವರೆಂದು ಕರೆದು ಪ್ರಶಂಸಿಸಿದರು. ವಿಪತ್ತಿನಿಂದ ಸಂಪತ್ತು ನಾಶವಾದವನಿಗೆ ಇತರರಲ್ಲಿ ಕೇಳುವ ಹಕ್ಕಿದೆಯೆಂದೂ ಅವರು ಕಲಿಸಿದರು. ಝಕಾತ್‌ನ ಎಂಟು ವರ್ಗಗಳಲ್ಲೊಂದಾದ ಸಾಲಗಾರರನ್ನು ವಿವರಿಸುವಾಗ ತಾಬಿಈ ವಿದ್ವಾಂಸ ಮುಜಾಹಿದ್ ಅವರು ಪ್ರವಾಹದಲ್ಲಿ ಸೊತ್ತು ಕೊಚ್ಚಿಹೋದವನನ್ನು ಸ್ಪಷ್ಟವಾಗಿ ಹೆಸರಿಸಿದ್ದಾರೆ. ಹೀಗಿದ್ದೂ ನಮ್ಮ ಎಷ್ಟು ಜಮಾಅತ್‌ಗಳಲ್ಲಿ ಇದಕ್ಕೆಂದು ಒಂದು ನಿಧಿಯಿದೆ? ಮಸ್ಜಿದ್‌ನ ಮಿನಾರವನ್ನು ಎತ್ತರಿಸಲು ವಿದೇಶದಿಂದ ಲಕ್ಷಗಟ್ಟಲೆ ಹಣ ಬರುತ್ತದೆ. ಅದರ ನೆರಳಿನ ತಗ್ಗಿನಲ್ಲಿರುವ ವಿಧವೆಯ ಮನೆಗೆ ನೀರು ನುಗ್ಗಿದಾಗ ಮಾತ್ರ ರಶೀದಿ ಪುಸ್ತಕ ಹಿಡಿದು ಓಡಾಡಬೇಕಾಗುತ್ತದೆ.

ಪ್ರತಿ ಜಮಾಅತ್ ಈ ಬೇಸಿಗೆಯಲ್ಲೇ ಮೂರು ಕೆಲಸಗಳನ್ನು ಮಾಡಬಹುದು. ಮೊದಲನೆಯದು, ನೆರೆಯ ದಾಖಲೆ. ಮೊಹಲ್ಲಾದ ಪ್ರತಿ ಮನೆಯಲ್ಲೂ ನೀರು ಏರಿದ ವರ್ಷ ಮತ್ತು ಮಟ್ಟವನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು, ಅದರೊಂದಿಗೆ ಹಾಸಿಗೆ ಹಿಡಿದವರು, ಗರ್ಭಿಣಿಯರು, ಗಂಡಸರಿಲ್ಲದ ಮನೆಗಳ ವಿವರವನ್ನೂ ಇಡುವುದು. ಮನೆಮನೆಯ ಅಪಾಯದ ನಕ್ಷೆ ನಮ್ಮ ಕೈಯಲ್ಲಿಲ್ಲದಿರುವಾಗ ಈ ಪುಸ್ತಕವೇ ನಮ್ಮ ನಕ್ಷೆ. ಎರಡನೆಯದು, ವಿಪತ್ತು ನಿಧಿ. ಇದು ಝಕಾತ್‌ನಿಂದ ಪ್ರತ್ಯೇಕವಾದ ಲೆಕ್ಕವಾಗಿರಬೇಕು, ಸ್ವಇಚ್ಛೆಯ ದಾನವಾಗಿರಬೇಕು. ಇಷ್ಟು ಕಟ್ಟಿದರೆ ಇಷ್ಟು ಕೊಡುತ್ತೇವೆಂಬ ಕರಾರು ಮಾಡಿದರೆ ಅದು ಪರವಾನಗಿಯಿಲ್ಲದ ವಿಮಾ ವ್ಯವಹಾರವಾಗಿ ಕಾನೂನಿನ ತೊಡಕಿಗೆ ಸಿಲುಕುತ್ತದೆ. ಝಕಾತ್ ಅರ್ಹರಿಗೆ ಝಕಾತ್‌ನಿಂದ, ಮಿಕ್ಕವರಿಗೆ ಈ ನಿಧಿಯಿಂದ ನೆರವು ಅಥವಾ ಬಡ್ಡಿರಹಿತ ಸಾಲ ಸಲ್ಲಲಿ. ಲೆಕ್ಕಪತ್ರವನ್ನು ಪ್ರತಿವರ್ಷ ಎಲ್ಲರ ಮುಂದಿಡಬೇಕು. ಮೂರನೆಯದು, ಕಾಗದಪತ್ರ ಬಲ್ಲ ಇಬ್ಬರು ಯುವಕರು. ಪಾಲಿಸಿ ಓದಿಸಲು, ಪಂಚನಾಮೆಯ ಸಮಯದಲ್ಲಿ ಜೊತೆ ನಿಲ್ಲಲು, ಪರಿಹಾರದ ಅರ್ಜಿ ಬರೆಯಲು ಜನರಿಗೆ ಅವರು ಬೇಕು.

ಈ ಕೆಲಸ ಮೊಹಲ್ಲಾದ ಗಡಿಯಲ್ಲಿ ನಿಲ್ಲಬಾರದು. ಹೊಳೆಯ ನೀರು ಮನೆಯವರ ಧರ್ಮವನ್ನು ವಿಚಾರಿಸುವುದಿಲ್ಲ. 2019ರ ಆಗಸ್ಟ್‌ನಲ್ಲಿ ಕೇರಳದ ಕವಳಪ್ಪಾರದಲ್ಲಿ ಗುಡ್ಡ ಕುಸಿದಾಗ ಪೋತ್ತುಕಲ್ಲಿನ ಮಸೀದಿಯವರು ಮೃತದೇಹಗಳ ಮರಣೋತ್ತರ ಪರೀಕ್ಷೆಗೆ ತಮ್ಮ ಪ್ರಾರ್ಥನಾ ಸಭಾಂಗಣವನ್ನೇ ಬಿಟ್ಟುಕೊಟ್ಟರು. ಅಲ್ಲಿಗೆ ತರಲ್ಪಟ್ಟವರು ಯಾವ ಧರ್ಮದವರೆಂದು ಯಾರೂ ಕೇಳಲಿಲ್ಲ. ದ್ವೇಷದ ಮಾತುಗಳೇ ಕಿವಿ ತುಂಬುತ್ತಿರುವ ಕರಾವಳಿಯಲ್ಲಿ ನಮ್ಮ ನಿಧಿಯ ಪುಸ್ತಕದಲ್ಲಿ ನೆರೆಮನೆಯ ಹಿಂದೂ ಸಹೋದರನ ಹೆಸರೂ ಇರಬೇಕು.

ಸಮುದಾಯದ ಹೊಣೆಯನ್ನು ಹೇಳುವಾಗ ಸರಕಾರದ ಹೊಣೆಯನ್ನು ಮರೆಯುವಂತಿಲ್ಲ. ರೈತನ ಬೆಳೆಗೆ 2016ರಿಂದ ಫಸಲ್ ಬಿಮಾ ಯೋಜನೆಯಲ್ಲಿ ಸರಕಾರ ಕಂತಿನ ಬಹುಪಾಲನ್ನು ಭರಿಸುತ್ತಿದೆ. ಅದೇ ರೈತನ ಮನೆಗೆ ಅಂಥ ಯೋಜನೆಯಿಲ್ಲ. ನಾಗಾಲ್ಯಾಂಡ್‌ನಂಥ ಸಣ್ಣ ರಾಜ್ಯ 2024ರಲ್ಲಿ ಇಡೀ ರಾಜ್ಯಕ್ಕೆ ವಿಪತ್ತು ವಿಮೆ ಮಾಡಿಸಲು ಮುಂದಾಗಿರುವಾಗ ಕರ್ನಾಟಕ ತನ್ನ ಕರಾವಳಿಯ ಬಡವರ ಮನೆಗಳಿಗೆ ಏಕೆ ಯೋಚಿಸಬಾರದು? ಹೆದ್ದಾರಿ ಮತ್ತು ರೈಲುಮಾರ್ಗದ ಏರಿಗಳ ಕೆಳಗಿನ ಮೋರಿಗಳು ಇಂದಿನ ಮಳೆಗೆ ಸಾಕೇ ಎಂಬ ಪರಿಶೀಲನೆ, ತೋಡುಗಳ ಸರ್ವೆ, ಪ್ರತಿ ವಾರ್ಡಿನಲ್ಲಿ ನೆರೆಯ ಮಟ್ಟವನ್ನು ತೋರಿಸುವ ಕಲ್ಲು, ಇವು ದುಬಾರಿ ಬೇಡಿಕೆಗಳಲ್ಲ. ಮತ ಕೇಳಲು ಬರುವವರ ಮುಂದೆ ಚಾದರದ ಬದಲು ಇವನ್ನು ಕೇಳುವ ಪ್ರಬುದ್ಧತೆ ಮತದಾರರಿಗೆ ಬರಬೇಕು.

ಒಂಟೆಯನ್ನು ಕಟ್ಟಬೇಕೇ ಅಥವಾ ಅಲ್ಲಾಹನ ಮೇಲೆ ಭರವಸೆಯಿಟ್ಟು ಬಿಟ್ಟುಬಿಡಬೇಕೇ ಎಂದು ಕೇಳಿದವನಿಗೆ, ಕಟ್ಟು, ಬಳಿಕ ಭರವಸೆಯಿಡು ಎಂಬುದೇ ಪ್ರವಾದಿ(ಸ)ರ ಉತ್ತರವಾಗಿತ್ತು. ಹಝ್ರತ್ ನೂಹ್(ಅ)ರು ಒಣನೆಲದಲ್ಲಿ ಹಡಗು ಕಟ್ಟುವಾಗ ಜನ ನಕ್ಕರು. ಹಝ್ರತ್ ಯೂಸುಫ್(ಅ)ರು ಸುಗ್ಗಿಯ ಏಳು ವರ್ಷಗಳಲ್ಲೇ ಬರಗಾಲಕ್ಕೆ ಧಾನ್ಯ ಕೂಡಿಟ್ಟರು. ಇವರಿಬ್ಬರಿಗಿಂತ ಮಿಗಿಲಾದ ತವಕ್ಕುಲ್ ನಮಗಿದೆಯೆಂದು ಹೇಳುವ ಧೈರ್ಯ ಯಾರಿಗಿದೆ? ಅಲ್ಲಾಹನು ನಮ್ಮ ಮನೆಗಳನ್ನು ಕಾಪಾಡಲಿ ಎಂದು ಪ್ರಾರ್ಥಿಸೋಣ. ಪ್ರಾರ್ಥಿಸಿ ಎದ್ದ ಮೇಲೆ, ಮುಂಗಾರಿಗೆ ಮುನ್ನ, ಮನೆಯ ಹಿಂದಿನ ತೋಡಿನ ಹೂಳನ್ನು ನೆರೆಯವರೊಂದಿಗೆ ಸೇರಿ ತೆಗೆಯೋಣ.